ಗಾಳಿ ಯಾರ ಕೆಲಸ

ಮಗಳು ಬಚ್ಚಲುಮನೆಯಿಂದ ಹೊರಗೆ ಬಂದವಳು ಗೋಡೆ ಹಿಡಿದುಕೊಂಡು ನಿಂತುಬಿಟ್ಟಳು. ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದ ತಾಯಿಯ ಕೈಯ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚಿತು.

"ಏನಾಯ್ತೇ ಪುಟ್ಟಿ?"

"ಏನಿಲ್ಲಮ್ಮ. ತಲೆ ಸ್ವಲ್ಪ ಭಾರ. ಈಗ ಸ್ನಾನ ಮಾಡಿದ್ನಲ್ಲ, ಅದಕ್ಕಿರ್ಬೇಕು."

ಸ್ನಾನ ಮಾಡಿದರೆ ತಲೆ ಹಗುರಾಗಬೇಕು, ಭಾರವಾಗುವುದು ಎಲ್ಲಿಯ ಮಾತು ಎಂದು ತಾಯಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿಬಿಟ್ಟರೆ ಅದಕ್ಕೊಂದು ಹೆಸರು ಸಿಕ್ಕಿಬಿಡುತ್ತದೇನೋ ಎಂಬ ಅಂಜಿಕೆ ಅವಳಿಗೆ. ಅವಳ ಸ್ವಂತ ಅಕ್ಕನಿಗೂ ಹೀಗೆಯೇ ತಲೆನೋವಿನಿಂದ ಶುರುವಾಗಿತ್ತು. ಬಿಸಿಲಿಗೆ ಬಂದದ್ದು, ನಿದ್ದೆಗೆಟ್ಟದ್ದು, ಕೂದಲು ಒದ್ದೆ ಬಿಟ್ಟದ್ದು ಎಂದು ಮನೆಯವರೆಲ್ಲ ಒಂದೊಂದು ಕಾರಣ ಹುಡುಕುತ್ತಿದ್ದ ಹಾಗೆಯೇ ಮೆದುಳಿನಲ್ಲಿ ಗಡ್ಡೆ ಬೆಳೆದು, ಅಕ್ಕ ಕೈಬಿಟ್ಟು ಹೋಗಿದ್ದಳು. ಮಗಳಿಗೆ ಮೂಗು, ಹಣೆ, ನಗು ಎಲ್ಲವೂ ಆ ದೊಡ್ಡಮ್ಮನದೇ. ಮೊದಲು ಅದನ್ನು ಹೇಳಿಕೊಂಡು ಹಿಗ್ಗುತ್ತಿದ್ದ ತಾಯಿ ಈಗ ಹೊತ್ತುಹೊತ್ತಿಗೂ ಮಗಳ ಹಣೆ ನೋಡುತ್ತಿದ್ದಳು.

ಹಾಗೆಂದು ಕೈಕಟ್ಟಿ ಕೂತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ಕನ್ನಡಕ ಬದಲಾಯಿಸಿ ಕಳಿಸಿದರು. ರಕ್ತ ಪರೀಕ್ಷೆ ಮಾಡಿಸಿದವರು ರಕ್ತ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟರು. ಇನ್ನೊಬ್ಬರು ಮಗಳ ಪುಸ್ತಕದ ಚೀಲ ನೋಡಿ, "ಪರೀಕ್ಷೆ ಹತ್ತಿರ ಬಂತಲ್ಲ, ಈ ವಯಸ್ಸಿಗೆ ಇದೆಲ್ಲ ಇರುತ್ತೆ ತಾಯಿ," ಅಂದರು. ಕನ್ನಡಕ ಬಂತು, ಮಾತ್ರೆ ಮುಗಿಯಿತು, ತಲೆನೋವು ಹಾಗೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು, ಮಾರನೆಯ ಬೆಳಿಗ್ಗೆ ಮತ್ತೆ ಹಾಜರು.

ಮನೆಯಲ್ಲಿದ್ದ ಮೂವರು ಗಂಡಸರಿಗೂ ಅವಳು ತನ್ನ ಹೆದರಿಕೆ ಹೇಳಿಕೊಂಡಿರಲಿಲ್ಲ. ಗಂಡ ನಲ್ಲಿ ಕೆಲಸದವನು. ಗಂಡನ ಅಣ್ಣ ಗಾರೆ ಕೆಲಸದವರು; ಮದುವೆಯ ಗೊಡವೆಗೆ ಹೋಗದೆ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಮೈದುನ ಕರೆಂಟಿನ ಕೆಲಸದವನು. ಪಕ್ಕದ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದನಾದರೂ, ಊಟ ತಿಂಡಿಗೆ ಅವನ ಚಪ್ಪಲಿ ಇವರ ಬಾಗಿಲಲ್ಲೇ ಇರುತ್ತಿತ್ತು. ಮೂವರೂ ಸೇರಿ ಒಂದು ಹಳೆಯ ವ್ಯಾನು ಇಟ್ಟುಕೊಂಡಿದ್ದರು. ಮನೆ ಕಟ್ಟಿಸುವವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ, ಒಂದು ಕಡೆ ಹೇಳಿದರೆ ಗೋಡೆ, ನೀರು, ದೀಪ ಮೂರೂ ಆಗುತ್ತಿತ್ತು.

ಆದರೆ ಆ ಮೂವರ ನಡುವೆ ಒಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಅಣ್ಣ ನಯವಾಗಿ ಗಿಲಾವು ಮಾಡಿ ಮುಗಿಸಿದ್ದ ಗೋಡೆಯನ್ನು ತಮ್ಮ ತಂತಿ ಎಳೆಯಲೆಂದು ಕೊರೆದುಹಾಕಿದ್ದ. ನಡುವಿನವನು ನ್ಯಾಯ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡಿದ್ದ. ಮಾತು ಬೆಳೆದು ಒಂದೇ ಮನೆಯಲ್ಲಿ ಮೂರು ಒಲೆ ಹೊತ್ತಿಸುವ ತನಕ ಬಂದಿತ್ತು. ಆಗ ಅತ್ತೆ ಹಾಸಿಗೆ ಹಿಡಿದಿದ್ದರು. ಮೂವರನ್ನೂ ಮಂಚದ ಸುತ್ತ ನಿಲ್ಲಿಸಿ, "ಇನ್ಮೇಲೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕಕೂಡದು. ಅವನು ಮಾಡಿದ್ದು ಸರಿ ಅಂದ್ಕೊಂಡು ನಿಮ್ಮ ಪಾಡಿಗೆ ನೀವು ಮಾಡಿ," ಎಂದು ಮಾತು ತೆಗೆದುಕೊಂಡಿದ್ದರು. ಅಂದಿನಿಂದ ಮನೆಯಲ್ಲಿ ಒಂದು ಏರು ದನಿ ಎದ್ದಿರಲಿಲ್ಲ. ಕೆಲಸಕ್ಕೂ ಬೇರೆಬೇರೆ ದಿನ ಹೋಗುತ್ತಿದ್ದರು. ಒಬ್ಬ ಮುಗಿಸಿ ಬಂದ ಮೇಲೆ ಇನ್ನೊಬ್ಬ. ಆ ನೆಮ್ಮದಿಯನ್ನು ಸೊಸೆ ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಗಂಡ ಅಪ್ಪಿತಪ್ಪಿ, "ಅಣ್ಣ ಆ ಕಟ್ಟೆ ಒಂಚೂರು..." ಎಂದು ಬಾಯಿ ತೆರೆದರೆ ಸಾಕು, ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಅವನು ಗಪ್‌ಚಿಪ್.

ಈ ಹೊಸ ಬಚ್ಚಲುಮನೆ ಕಟ್ಟಿದ್ದೂ ಹಾಗೆಯೇ.

ಆ ದಿನ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗಳು ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತಳು.

"ನಾಳೆ ಕಾಲೇಜಲ್ಲಿ ನಾನು ಮಾತಾಡ್ಬೇಕು. ಒಂದು ಪದ ಕೊಟ್ಟಿದಾರೆ, ಅದರ ಅರ್ಥ ಏನು, ಎಲ್ಲೆಲ್ಲಿ ಬಳಸ್ತಾರೆ ಅಂತ ಹೇಳ್ಬೇಕು. ನೀವು ಕೇಳಿಸ್ಕೊಳ್ಳಿ. ಮಧ್ಯೆ ನಗಬಾರದು."

"ಯಾವ ಪದ?" ಎಂದ ಅಪ್ಪ.

"ಅಂತರ್‌ಶಿಸ್ತೀಯ."

ಮೈದುನ ಬಾಯಿಗೆತ್ತಿದ ಲೋಟ ಕೆಳಗಿಟ್ಟ. "ತಂತಿ ಮುಟ್ಟಿದ ಹಾಗಾಯ್ತಲ್ಲೇ. ಇನ್ನೊಂದ್ಸಲ ಹೇಳು, ಅರ್ಥಿಂಗ್ ಸರಿ ಇದೆಯಾ ನೋಡೋಣ."

"ಚಿಕ್ಕಪ್ಪಾ."

"ಸರಿ ಸರಿ, ಮಾತಾಡಲ್ಲ."

"ಶಿಸ್ತು ಅಂದ್ರೆ, ನಮ್ಮ ಮೇಷ್ಟ್ರು ಬೆತ್ತ ಹಿಡ್ಕೊಂಡು ಕಲಿಸ್ತಿದ್ರಲ್ಲ, ಅದೇನಾ?" ಎಂದರು ದೊಡ್ಡಪ್ಪ.

"ಅದಲ್ಲ ದೊಡ್ಡಪ್ಪ. ಇಲ್ಲಿ ಶಿಸ್ತು ಅಂದ್ರೆ ಒಂದೊಂದು ವಿದ್ಯೆ. ಗಣಿತ ಒಂದು ಶಿಸ್ತು, ಇತಿಹಾಸ ಒಂದು, ವೈದ್ಯ ಒಂದು."

"ಹಾಗಾದ್ರೆ ಗಾರೆ ಕೆಲಸಾನೂ ಒಂದು."

"ಹೌದು, ಅದೂ ಒಂದು."

"ಹೇಳು ನಾಳೆ. ಮರೀಬೇಡ."

ಮಗಳು ನಕ್ಕು, ಗಂಟಲು ಸರಿಮಾಡಿಕೊಂಡು, ಮಾತು ಮುಂದುವರಿಸಿದಳು. ಒಂದು ಹೊಳೆಯ ನೀರು ಕೆಟ್ಟಿದೆ ಅಂದುಕೊಳ್ಳಿ. ಮೀನಿನ ವಿಷಯ ಬಲ್ಲವರು, ನೀರಿನ ರಸಾಯನ ಬಲ್ಲವರು, ದಡದ ಜನರ ಬದುಕು ಬಲ್ಲವರು ಮೂರು ಕಡೆಯಿಂದ ಬಂದರು. ಅವರವರಿಗೆ ಕಂಡದ್ದನ್ನು ಅವರವರು ಬರೆದು ಎಲ್ಲವನ್ನೂ ಒಂದೇ ಪುಸ್ತಕ ಮಾಡಿ ಹೊಲಿದರೆ ಅದಕ್ಕೆ ಬಹುಶಿಸ್ತೀಯ ಎನ್ನುತ್ತಾರೆ. ಹಲವು ವಿದ್ಯೆಗಳು ಅಕ್ಕಪಕ್ಕ ಕೂತಿವೆ, ಅಷ್ಟೆ. ಆದರೆ ಮೀನಿನವರು ಹೇಳಿದ್ದು ಕೇಳಿ ನೀರಿನವರು ತಮ್ಮ ಪ್ರಶ್ನೆಯನ್ನೇ ಬದಲಾಯಿಸಿಕೊಂಡರೆ, ಅವರ ಉತ್ತರ ಕೇಳಿ ಜನರ ಹತ್ತಿರ ಹೋದವರು ಬೇರೆಯದನ್ನೇ ವಿಚಾರಿಸಿದರೆ, ಅದು ಅಂತರ್‌ಶಿಸ್ತೀಯ. ಒಂದು ವಿದ್ಯೆ ಇನ್ನೊಂದರ ಒಳಗೆ ಹೋಗಿ ಬರಬೇಕು.

"ಒಟ್ನಲ್ಲಿ ಕಲಸುಮೇಲೋಗರ," ಎಂದ ಚಿಕ್ಕಪ್ಪ.

"ಅಲ್ಲ. ಕಲಸುಮೇಲೋಗರದಲ್ಲಿ ಯಾವುದು ಯಾವುದು ಅಂತಾನೇ ಗೊತ್ತಾಗಲ್ಲ. ಇಲ್ಲಿ ಅವರವರ ಕೆಲಸ ಅವರೇ ಮಾಡ್ತಾರೆ. ಆದ್ರೆ ಕಿವಿ ತೆರೆದಿರುತ್ತೆ." ಮಗಳು ಕೂದಲು ಸರಿಸಲು ಹಣೆಗೆ ಕೈ ಒಯ್ದಳು. ತಾಯಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಕೊನೇಲಿ ಒಂದು ಉದಾಹರಣೆ ಇಟ್ಕೊಂಡಿದೀನಿ. ನಮ್ಮ ಹೊಸ ಬಚ್ಚಲುಮನೆ. ಗಾರೆ, ನಲ್ಲಿ, ಕರೆಂಟು, ಮೂರೂ ಸೇರಿ ಆಗಿದ್ದು."

ಮೂವರ ಮುಖವೂ ಅರಳಿತು. ಮೈದುನ ಅಂಗಿಯ ಕಾಲರ್ ಸರಿಮಾಡಿಕೊಂಡ.

ತಾಯಿಗೆ ಯಾವ ದುರುದ್ದೇಶವೂ ಇರಲಿಲ್ಲ. ಮಗಳ ಮಾತು ತನಗೂ ತಲೆಗೆ ಹತ್ತಿತಲ್ಲ ಎಂಬ ಸಣ್ಣ ಖುಷಿಯಲ್ಲಿ ಕೇಳಿದಳು: "ಹಾಗಾದ್ರೆ ಅದು ಎರಡರಲ್ಲಿ ಯಾವುದೇ? ಇವರು ಮೂರು ಜನ ಕೂತು ಮಾತಾಡ್ಕೊಂಡೇನೂ ಕಟ್ಟಲಿಲ್ಲವಲ್ಲ."

ಮಗಳು ಮೂವರನ್ನೂ ನೋಡಿದಳು. "ಮಾತಾಡ್ಕೊಳ್ಳಲಿಲ್ವಾ? ದೊಡ್ಡಪ್ಪ ಕೆಲಸ ಮಾಡುವಾಗ ನೀನಿರಲಿಲ್ವಾ ಅಪ್ಪಾ?"

"ನಾನ್ಯಾಕಿರ್ಲಿ? ಅಣ್ಣನ ಕೆಲಸ ಅಣ್ಣನಿಗೆ ಗೊತ್ತು."

"ಮರ್ಯಾದೆ ಅಂತ ಒಂದಿರುತ್ತಲ್ಲ ಮಗಳೇ," ಎಂದರು ದೊಡ್ಡಪ್ಪ. ಅವರ ದನಿ ತುಸು ಬಿಗಿಯಾಗಿತ್ತು.

"ಹಾಗಾದ್ರೆ ಅದು ಬಹುಶಿಸ್ತೀಯ," ಎಂದಳು ಮಗಳು, ಬೇಸರದಿಂದ. "ಉದಾಹರಣೆ ಬದಲಾಯಿಸ್ಬೇಕು."

ತಾಯಿ ಗಾಬರಿಯಾಗಿ ಎಲ್ಲರ ತಟ್ಟೆಗೂ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ನಾಳೆ ಯಾವ ಬಟ್ಟೆ ಹಾಕಿಕೊಳ್ಳುತ್ತೀಯ, ತಲೆಗೆ ನೀರು ಹಾಕಿಕೊಳ್ಳುತ್ತೀಯಾ ಎಂದು ಮಗಳನ್ನು ಕೇಳಿ ಮಾತನ್ನು ಬೇರೆ ಕಡೆ ತಿರುಗಿಸಿದಳು. ಮನೆಯ ನೆಮ್ಮದಿಗೆ ಪೆಟ್ಟಾಗದಂತೆ ಮಾತು ತಿರುಗಿಸುವುದು ಅವಳಿಗೆ ಅಡುಗೆ ಮಾಡಿದಷ್ಟೇ ರೂಢಿಯಾಗಿತ್ತು.

ಬೆಳಿಗ್ಗೆ ಚಳಿ ಜೋರಾಗಿತ್ತು. ಗಂಡ ಬೇಗನೆ ಎದ್ದು ಯಾರದೋ ಮನೆಯ ನಲ್ಲಿ ನೋಡಲು ನಡೆದುಕೊಂಡೇ ಹೋಗಿದ್ದ. ಮಗಳು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ, ಕಿಟಕಿ ಭದ್ರವಾಗಿ ಎಳೆದು, ಚಿಲಕ ಹಾಕಿಕೊಂಡಳು. ಗ್ಯಾಸ್ ಗೀಸರ್ ಟಪ್ಪೆಂದು ಹೊತ್ತಿಕೊಂಡ ಸದ್ದು ಕೇಳಿಸಿತು.

"ಅಮ್ಮಾ, ಫ್ಯಾನ್ ಆರಿಸು. ಚಳಿ ಬಡೀತಿದೆ."

ಬಚ್ಚಲ ಫ್ಯಾನಿನ ಸ್ವಿಚ್ಚು ಹೊರಗಡೆ ಗೋಡೆಯಲ್ಲಿತ್ತು. ತಾಯಿ ಕೂತಲ್ಲಿಂದಲೇ ಕೈ ಚಾಚಿ ಆರಿಸಿದಳು. ಅಂಗಿಗಳ ರಾಶಿ ಪಕ್ಕಕ್ಕೆಳೆದುಕೊಂಡು ಬಾಗಿಲ ಹತ್ತಿರವೇ ಕೂತಳು. ಈಚೆಗೆ ಮಗಳು ಸ್ನಾನಕ್ಕೆ ಹೋದರೆ ಅವಳ ಜಾಗ ಅದೇ. ಬಿದ್ದುಗಿದ್ದರೆ ಗೊತ್ತಾಗಲಿ ಎಂದು.

ಒಳಗೆ ನೀರು ಬೀಳುತ್ತಿತ್ತು. ನೀರಿನ ನಡುವೆ ಮಗಳು ಭಾಷಣ ಒಪ್ಪಿಸುತ್ತಿದ್ದಳು. "ಹಲವು ವಿದ್ಯೆಗಳು ಅಕ್ಕಪಕ್ಕ ಕೂತರೆ ಬಹುಶಿಸ್ತೀಯ. ಒಂದರೊಳಗೊಂದು ಹೋಗಿ ಬಂದರೆ ಅಂತರ್‌ಶಿಸ್ತೀಯ." ದನಿ ಬಚ್ಚಲಲ್ಲಿ ದೊಡ್ಡದಾಗಿ ಮೊಳಗಿ ಕೇಳಲು ಚೆನ್ನಾಗಿತ್ತು. ತಾಯಿ ಹಲ್ಲಿನಿಂದ ದಾರ ಕಡಿದಳು. ಒಂದು ಗುಂಡಿ ಹಾಕಿದಳು, ಇನ್ನೊಂದು ಕೈಗೆತ್ತಿಕೊಂಡಳು.

"ಒಂದರೊಳಗೊಂದು ಹೋಗಿ ಬಂದರೆ," ಎಂದಳು ಮಗಳು ಮತ್ತೆ. ಸ್ವಲ್ಪ ಹೊತ್ತು ಬರೀ ನೀರು. "ಒಂದರೊಳಗೆ... ಹೋಗಿ..."

ಮರೆತಳೇನೋ ಎಂದುಕೊಂಡಳು ತಾಯಿ.

"ಒಂದರೊಳಗೆ," ಎಂದಿತು ದನಿ. ನಾಲಿಗೆ ದಪ್ಪವಾದ ಹಾಗೆ, ನಿದ್ದೆಯಲ್ಲಿ ಮಾತಾಡಿದ ಹಾಗೆ. ಆಮೇಲೆ ಏನೋ ಜಾರಿದ ಸದ್ದು. ಬಕೆಟ್ಟು ಉರುಳಿತು. ನೀರು ಮಾತ್ರ ಒಂದೇ ಸಮನೆ ಬೀಳುತ್ತಲೇ ಇತ್ತು.

"ಪುಟ್ಟಿ."

ಉತ್ತರವಿಲ್ಲ.

"ಪುಟ್ಟಿ, ಬಾಗಿಲು ತೆಗಿಯೇ."

ಅವಳು ಬಾಗಿಲು ಬಡಿದಳು, ಭುಜ ಕೊಟ್ಟು ನೂಕಿದಳು. ಬಾಗಿಲು ಅಲುಗಲಿಲ್ಲ. ನೀರು ಒಂದು ಹನಿ ಹೊರಗೆ ಬರಬಾರದೆಂದು ಅದರ ಕೆಳಗೆ ರಬ್ಬರು ಪಟ್ಟಿ ಬೇರೆ ಕೂರಿಸಿದ್ದರು. ಅವಳಿಗೆ ಅಕ್ಕನ ಮುಖ ಕಂಡಿತು. ಕೊನೆಯ ದಿನಗಳಲ್ಲಿ ಅಕ್ಕನ ಮಾತೂ ಹೀಗೆಯೇ ತೊದಲಿತ್ತು. ಬಂದೇಬಿಟ್ಟಿತು ಎಂದುಕೊಂಡಳು. ಭಾವನನ್ನು ಕೂಗಿ ಕಿರುಚಿದಳು.

ಮಹಡಿಯಿಂದ ಭಾವ ಸುತ್ತಿಗೆ, ಉಳಿ ಹಿಡಿದೇ ಇಳಿದು ಬಂದರು. ತಿಂಡಿಗೆಂದು ಆಗಷ್ಟೇ ಬಂದಿದ್ದ ಮೈದುನ ಚಪ್ಪಲಿ ಬಿಡದೆ ಒಳಗೆ ನುಗ್ಗಿದ. ಭಾವ ಚಿಲಕವಿದ್ದ ಕಡೆ ಚೌಕಟ್ಟಿನ ಪಕ್ಕಕ್ಕೆ ಉಳಿ ಇಟ್ಟು ಹೊಡೆದರು. ತಾವೇ ಮೆತ್ತಿದ ಗಾರೆ. ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಕೈಗೆ ಗೊತ್ತಿತ್ತು. ಆದರೂ ಆ ಪೆಟ್ಟುಗಳ ನಡುವಿನ ಹೊತ್ತು ತಾಯಿಗೆ ಸರಿಯಲೇ ಇಲ್ಲ. ಬಾಗಿಲು ಕಿತ್ತು ಬಂದಾಗ ಬಿಸಿ ಹಬೆ ಮುಖಕ್ಕೆ ಬಡಿಯಿತು. ಮಗಳು ಗೋಡೆಗೊರಗಿ ಕುಸಿದಿದ್ದಳು. ಮುಖ ಕೆಂಪಾಗಿತ್ತು, ಮಲಗಿರುವ ಮಗುವಿನ ಕೆನ್ನೆಯ ಹಾಗೆ. ಆ ಬಣ್ಣ ನೋಡಿ ತಾಯಿಗೆ ಇನ್ನಷ್ಟು ಹೆದರಿಕೆಯಾಯಿತು. ಟವೆಲು ಸುತ್ತಿ ಕಂಕುಳಿಗೆ ಕೈ ಕೊಟ್ಟು ಎಳೆಯುವಷ್ಟರಲ್ಲಿ ಅವಳಿಗೇ ತಲೆ ಗಿರ್ರೆಂದಿತು.

"ಅತ್ತಿಗೆ, ಹೊರಗೆ ಬನ್ನಿ. ಇಲ್ಲಿ ಗಾಳಿ ಸರಿ ಇಲ್ಲ," ಎಂದ ಮೈದುನ. ಗ್ಯಾಸ್ ತಿರುಗಿಸಿ ಆರಿಸಿದ, ಕಿಟಕಿಯ ಗಾಜು ಒಡೆದ. ಮೂವರೂ ಸೇರಿ ಮಗಳನ್ನು ಅಂಗಳಕ್ಕೆ ಎತ್ತಿಕೊಂಡು ಬಂದರು. ಬೆಳಗಿನ ತಣ್ಣನೆಯ ಗಾಳಿಗೆ ಮಗಳ ಎದೆ ಒಮ್ಮೆ ಎದ್ದು ಬಿತ್ತು. ಮತ್ತೊಮ್ಮೆ.

ವ್ಯಾನಿನ ಹಿಂಭಾಗದಲ್ಲಿ ಪೈಪು, ತಂತಿಯ ಸುರುಳಿ, ಸಿಮೆಂಟಿನ ಚೀಲಗಳ ನಡುವೆ ತಾಯಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎರಡೂ ಬಾಗಿಲು ತೆರೆದಿಟ್ಟೇ ಮೈದುನ ವ್ಯಾನು ಓಡಿಸಿದ. ಪ್ರತಿ ತಿರುವಿನಲ್ಲೂ ಅವಳು ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರು ಒಮ್ಮೊಮ್ಮೆ ತಾಗಿತು, ಒಮ್ಮೊಮ್ಮೆ ವ್ಯಾನಿನ ಕುಲುಕಾಟದಲ್ಲಿ ಏನೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಗಳ ಮುಖಕ್ಕೆ ಆಕ್ಸಿಜನ್ ಕಟ್ಟಿದರು. ವಯಸ್ಸಾದ ಡಾಕ್ಟರಮ್ಮ ಒಬ್ಬರು ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಲೇ ಕೇಳಿದರು: "ಎಲ್ಲಿ ಬಿದ್ದಿದ್ಲು?"

"ಬಚ್ಚಲಲ್ಲಿ."

"ಗ್ಯಾಸ್ ಗೀಸರ್ ಬಚ್ಚಲೊಳಗೇ ಇದೆಯಾ?"

"ಇದೆ."

"ಮುಂಚೆ ತಲೆನೋವು ಏನಾದ್ರೂ ಬರ್ತಿತ್ತಾ?"

"ದಿನಾ ಬರ್ತಿತ್ತು. ಸ್ನಾನ ಆದ ಮೇಲೆ." ತಾಯಿಯ ದನಿ ಸಣ್ಣದಾಯಿತು. "ಹೊಸ ಬಚ್ಚಲು ಕಟ್ಟಿದಾಗಿಂದ."

ಡಾಕ್ಟರಮ್ಮ ಅವಳತ್ತ ತಿರುಗಿದರು. "ಗ್ಯಾಸ್ ಉರಿಯೋಕೆ ಗಾಳಿ ಬೇಕಮ್ಮ. ಕೋಣೆ ಮುಚ್ಚಿದ್ರೆ ಅದು ಸರಿಯಾಗಿ ಉರಿಯಲ್ಲ, ವಿಷದ ಗಾಳಿ ತುಂಬ್ಕೊಳ್ಳುತ್ತೆ. ಅದಕ್ಕೆ ವಾಸನೆನೂ ಇಲ್ಲ, ಬಣ್ಣನೂ ಇಲ್ಲ. ಆ ಬಚ್ಚಲಿಗೆ ಗಾಳಿ ಎಲ್ಲಿಂದ ಬರುತ್ತೆ?"

ತಾಯಿ ಮಗಳ ಹಣೆ ಮುಟ್ಟಿದಳು.

"ಇವಳ ತಲೇಲಿ ಗಡ್ಡೆ ಏನಾದ್ರೂ..."

"ಗಡ್ಡೆ ಅನ್ನೋದಕ್ಕೆ ಏನೂ ಕಾಣಿಸ್ತಿಲ್ಲ. ಬೇಕಾದ್ರೆ ಆಮೇಲೆ ನೋಡೋಣ. ಈಗ ಅವಳಿಗೆ ಎಚ್ಚರ ಆಗ್ಲಿ. ಮಾತು, ನೆನಪು ಹೇಗಿದೆ ಅಂತ ಎಚ್ಚರ ಆದ್ಮೇಲೇ ಗೊತ್ತಾಗೋದು."

ಒಂದು ಹೆದರಿಕೆ ಎದೆಯಿಂದ ಇಳಿದು ಹೋಗುವ ಮೊದಲೇ ಇನ್ನೊಂದು ಬಂದು ಅದರ ಜಾಗದಲ್ಲಿ ಕೂತಿತು.

ಹೊರಗೆ ಓಣಿಯಂಥ ಜಾಗದಲ್ಲಿ ಭಾವ, ಮೈದುನ ಗೋಡೆಗೊರಗಿ ನಿಂತಿದ್ದರು. ಫೋನು ಹೋದ ಕೂಡಲೇ ಗಂಡ ಓಡಿ ಬಂದ. ಅಂಗಿಯೆಲ್ಲ ನೀರು, ಕೈಯಲ್ಲಿ ಇನ್ನೂ ಸ್ಪ್ಯಾನರು ಹಾಗೇ ಇತ್ತು. ತಾಯಿ ಮೂವರ ಮುಂದೆ ಹೋಗಿ ನಿಂತಳು.

"ಬಚ್ಚಲಿಗೆ ಗಾಳಿ ಎಲ್ಲಿಂದ ಬರುತ್ತೆ ಅಂತ ಕೇಳ್ತಿದಾರೆ. ಹೇಳಿ."

"ಗಾಳಿಕಿಂಡಿ ಇತ್ತಲ್ಲ," ಎಂದ ಗಂಡ ತಕ್ಷಣ. "ಮೇಲೆ ಗಾಳಿಕಿಂಡಿ ಇದೆ ಅಂತ್ಲೇ ನಾನು ಅದರ ಕೆಳಗೆ ಗೀಸರ್ ಕೂರಿಸಿದ್ದು. ನನ್ನ ಕೆಲಸ ಸರಿಯಾಗೇ ಇದೆ."

"ಕಿಂಡಿ ನಾನು ಮುಚ್ಚಿದೆ," ಎಂದರು ಭಾವ. "ಪಾರಿವಾಳ ಬಂದು ಗಲೀಜು ಮಾಡ್ತಿದ್ವು. ತಮ್ಮ ಹೇಗೂ ಫ್ಯಾನ್ ಹಾಕ್ತಾನಲ್ಲ, ಗಾಳಿಗೆ ಅದಿರುತ್ತೆ ಅಂತ ಮುಚ್ಚಿದೆ."

"ನಾನು ಫ್ಯಾನ್ ಹಾಕಿದ್ದು ಹಬೆ ಹೋಗ್ಲಿ ಅಂತ," ಎಂದ ಮೈದುನ. "ಒದ್ದೆ ಕೈಯಲ್ಲಿ ಮುಟ್ಟಬಾರದು ಅಂತ ಸ್ವಿಚ್ಚು ಹೊರಗಿಟ್ಟೆ. ಬೇಕಾದ್ರೆ ಹಾಕ್ಕೋತಾರೆ, ಬೇಡದಿದ್ರೆ ಇಲ್ಲ ಅಂದ್ಕೊಂಡೆ. ಅದನ್ನೇ ನಂಬಿದಾರೆ ಅಂತ ನಂಗೇನು ಗೊತ್ತು."

ಆ ಸ್ವಿಚ್ಚು ಆರಿಸಿದ್ದು ತನ್ನ ಕೈಯೇ ಎಂದು ತಾಯಿಗೆ ನೆನಪಾಯಿತು. ಆದರೂ ಅಲ್ಲಿಗೆ ನಿಲ್ಲಿಸಲಿಲ್ಲ.

"ಕಿಂಡಿ ಮುಚ್ಚಿದ್ದು ನಿನಗೆ ಕಾಣಿಸಲಿಲ್ವಾ?"

ಮೈದುನ ತಲೆ ತಗ್ಗಿಸಿದ. "ಕಾಣಿಸ್ತು ಅತ್ತಿಗೆ. ಏಣಿ ಹತ್ತಿದ್ನಲ್ಲ, ಎದುರಿಗೇ ಇತ್ತು. ಅಣ್ಣ ಏನೋ ಯೋಚನೆ ಮಾಡೇ ಮುಚ್ಚಿರ್ತಾನೆ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ."

"ನಿಮಗೆ?" ಎಂದಳು ಗಂಡನಿಗೆ.

ಗಂಡ ಸ್ಪ್ಯಾನರು ಕೈಯಿಂದ ಕೈಗೆ ಬದಲಾಯಿಸಿದ. "ನಂಗೂ ಆಮೇಲೆ ಕಂಡಿತ್ತು. ಒಂದ್ಸಲ ಹೇಳೋಣ ಅಂತ ಬಾಯಿಗೆ ಬಂತು. ನೀನೇ..." ಅಷ್ಟಕ್ಕೇ ನಿಲ್ಲಿಸಿದ.

ಅವಳು ಹುಬ್ಬು ಗಂಟಿಕ್ಕಿದ್ದು ಯಾವಾಗ, ಯಾವ ಊಟದ ಹೊತ್ತಿನಲ್ಲಿ ಎಂದು ಅವಳಿಗೆ ನೆನಪಿರಲಿಲ್ಲ. ಗಂಟಿಕ್ಕಿರಬೇಕು.

ಮೂವರೂ ತಮ್ಮ ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡಿದ್ದರು. ಗೋಡೆ ಯಾರದು, ನೀರು ಯಾರದು, ಕರೆಂಟು ಯಾರದು ಎಂದರೆ ಥಟ್ಟನೆ ಹೇಳಬಹುದಿತ್ತು. ಗಾಳಿ ಯಾರ ಕೆಲಸ ಎಂದರೆ ಯಾರದೂ ಅಲ್ಲ. ಒಬ್ಬರು ಇನ್ನೊಬ್ಬರದಿರಬೇಕು ಎಂದುಕೊಂಡಿದ್ದರು, ಅಷ್ಟೆ. ನಿನ್ನೆ ಮಗಳು ತಟ್ಟೆಗಳ ಮುಂದೆ ನಿಂತು ಹೇಳಿದ್ದು ಇದನ್ನೇ, ನಾವೆಲ್ಲ ಕಾಲರ್ ಸರಿಮಾಡಿಕೊಂಡು ಕೇಳಿದೆವಲ್ಲ ಎಂದು ತಾಯಿಗೆ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

"ಇದೇ ಥರ ಮೂವರೂ ಸೇರಿ ಬೇರೆ ಯಾವ ಮನೇಲಿ ಬಚ್ಚಲು ಮಾಡಿದೀರಿ?"

"ತುಂಬ ಕಡೆ ಮಾಡಿದೀವಿ," ಎಂದರು ಭಾವ. "ಆದ್ರೆ ಗ್ಯಾಸ್ ಗೀಸರ್ ಹಾಕಿದ್ದು..." ಅವರು ತಮ್ಮಂದಿರ ಮುಖ ನೋಡಿದರು.

"ಬೇಕರಿಯವರ ಮನೆ," ಎಂದ ಗಂಡ.

"ಅಲ್ಲಿ ಕಿಂಡಿ?" ಎಂದ ಮೈದುನ. ಅಣ್ಣನ ಕೆಲಸದ ಬಗ್ಗೆ ಅವನು ಕೇಳಿದ ಪ್ರಶ್ನೆ ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಭಾವ ಕಣ್ಣು ಮುಚ್ಚಿಕೊಂಡರು. "ಮುಚ್ಚಿದೀನಿ ಕಣೋ. ಪಾರಿವಾಳ ಅಂತ ಅವರೇ ಕೇಳಿದ್ರು."

ಬೇಕರಿಯವರ ಸೊಸೆಗೆ ಈಚೆಗಷ್ಟೇ ಮಗುವಾಗಿತ್ತು. ಎಳೆಯ ಮಗು, ಬೆಳಗಿನ ಚಳಿ. ಆ ಮನೆಯ ಬಚ್ಚಲಲ್ಲಿ ಈಗ ಗೀಸರ್ ಉರಿಯುತ್ತಿರುತ್ತದೆ, ಫ್ಯಾನನ್ನು ಯಾರೂ ಹಾಕಿರುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗಂಡ ಫೋನು ತೆಗೆದ. ಅವನ ಹೆಬ್ಬೆರಳು ಒದ್ದೆಯಾಗಿ ಜಾರುತ್ತಿತ್ತು. ಮೈದುನ ಕಿತ್ತುಕೊಂಡು ನಂಬರು ಒತ್ತಿ, ನಾಲ್ವರಿಗೂ ಕೇಳುವ ಹಾಗೆ ಹಿಡಿದ. ಫೋನು ಹೊಡೆದುಕೊಂಡು ನಿಂತುಹೋಯಿತು. ಮತ್ತೆ ಮಾಡಿದ. ಮತ್ತೆ ನಿಂತುಹೋಯಿತು. ಭಾವ ವ್ಯಾನಿನ ಕೀಲಿಗೆ ಕೈ ಚಾಚುವಷ್ಟರಲ್ಲಿ ಆ ಕಡೆ ಯಾರೋ ಎತ್ತಿಕೊಂಡರು.

"ಯಾರು?" ಅಜ್ಜಿಯ ದನಿ. ಕಿವಿ ಸ್ವಲ್ಪ ಮಂದ ಎಂದು ಎಲ್ಲರಿಗೂ ಗೊತ್ತಿತ್ತು. "ಗಟ್ಟಿಯಾಗಿ ಮಾತಾಡಿ."

"ಅಜ್ಜಿ, ನಾವು ಬಚ್ಚಲು ಕಟ್ಟಿದೋರು. ನಿಮ್ಮ ಸೊಸೆ ಎಲ್ಲಿದಾರೆ?" ಎಂದ ಮೈದುನ.

"ಮಗೂಗೆ ನೀರು ಹಾಕೋಕೆ ಹೋಗಿದಾಳಪ್ಪ. ಆಗ್ಲೇ ಹೋದ್ಲು. ಯಾಕೆ?"

"ಬಾಗಿಲು ತೆಗೆಸಿ ಅಜ್ಜಿ," ಎಂದರು ಭಾವ.

"ಏನು?"

"ಗ್ಯಾಸ್ ಆರಿಸೋಕೆ ಹೇಳಿ," ಎಂದ ಗಂಡ.

"ಹೊರಗಡೆ ಸ್ವಿಚ್ಚಿದೆ ನೋಡಿ, ಎಡಗಡೆ, ಅದನ್ನ ಒತ್ತಿ. ಒತ್ತಿಬಿಟ್ಟು ಬಾಗಿಲು ಬಡೀರಿ," ಎಂದ ಮೈದುನ.

"ಮೂರು ಜನ ಒಟ್ಟಿಗೆ ಕೂಗಿದ್ರೆ ನಂಗೇನು ತಿಳಿಯುತ್ತೆ? ಒಬ್ಬರು ಹೇಳ್ರಪ್ಪ."

ಮೂವರೂ ಬಾಯಿ ಮುಚ್ಚಿದರು. ತಾಯಿ ಫೋನಿಗೆ ಬಾಯಿ ಹತ್ತಿರ ತಂದು, ಮಗಳಿಗೆ ಚಿಕ್ಕಂದಿನಲ್ಲಿ ಅಕ್ಷರ ಹೇಳಿಕೊಟ್ಟ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಅಜ್ಜಿ. ಸೊಸೆನ. ಮಗೂನ. ಈಗ್ಲೇ ಹೊರಗೆ ಕರೀರಿ."

ಆ ಕಡೆ ಫೋನು ಎಲ್ಲೋ ಇಟ್ಟ ಸದ್ದಾಯಿತು. ಚಪ್ಪಲಿ ಎಳೆದುಕೊಂಡು ಹೋದ ಸದ್ದು ದೂರವಾಯಿತು. ಬಾಗಿಲು ಬಡಿದದ್ದು ಕೇಳಿಸಿತು. ಇನ್ನೊಮ್ಮೆ ಬಡಿದದ್ದು. ಆಮೇಲೆ ಏನೂ ಇಲ್ಲ. ತಾಯಿ ಫೋನಿಗೆ ಕಿವಿ ಕೊಟ್ಟು ನಿಂತಿದ್ದಳು. ಒಳಗೆ ಮಲಗಿರುವ ಮಗಳು ಒಂದು ಕಡೆ, ಕಣ್ಣಿಗೆ ಕಾಣದ ಆ ಮಗು ಇನ್ನೊಂದು ಕಡೆ. ಯಾವುದಕ್ಕೆ ಹೆದರುತ್ತಿದ್ದೇನೆ ಎಂದು ಅವಳಿಗೇ ತಿಳಿಯದ ಹಾಗೆ ಎರಡೂ ಒಂದೇ ಆಗಿದ್ದವು. ಭಾವನ ತುಟಿ ಅಲುಗುತ್ತಿತ್ತು.

ಮಗು ಅತ್ತಿತು. ಎಳೆಯ ಮಗುವಿನ ಬಾಯಿತುಂಬ ಅಳು, ಸಿಟ್ಟಿನದು, ಚಳಿಯದು. ಮೈದುನ ಗೋಡೆಗೆ ಜಾರಿ ನೆಲದ ಮೇಲೆ ಕೂತುಬಿಟ್ಟ.

ಅಜ್ಜಿ ಫೋನಿಗೆ ವಾಪಸು ಬಂದರು. "ಕರೆದಿದೀನಿ. ಒದ್ದೆ ಮಗು ನಡುಗ್ತಿದೆ, ಸೊಸೆ ನನ್ನ ಮೇಲೆ ರೇಗ್ತಿದಾಳೆ, ತಲೆ ಬೇರೆ ಸುತ್ತುತ್ತಂತೆ. ಏನಪ್ಪ ನಿಮಗೆ ಬೆಳಬೆಳಿಗ್ಗೆ?"

"ಬಂದು ಹೇಳ್ತೀವಿ ಅಜ್ಜಿ," ಎಂದರು ಭಾವ. "ಅವರಿಬ್ಬರನ್ನೂ ಗಾಳೀಲಿ ಕೂರಿಸಿ. ಮೂವರೂ ಬರ್ತೀವಿ. ಅಲ್ಲೀವರೆಗೂ ಆ ಬಚ್ಚಲಿಗೆ ಯಾರೂ ಹೋಗೋದು ಬೇಡ."

ಒಳಗಿನಿಂದ ನರ್ಸು ಬಂದು ಕರೆದಳು. ಮಗಳ ಕಣ್ಣು ತೆರೆದಿತ್ತು. ಅದು ಎಲ್ಲೋ ನೋಡುತ್ತಿತ್ತು. ತಾಯಿ ಹತ್ತಿರ ಹೋಗಿ ಕೈ ಹಿಡಿದಳು. ಹೆಸರು ಹಿಡಿದು ಕರೆಯಲು ಧೈರ್ಯ ಬರಲಿಲ್ಲ. ಡಾಕ್ಟರಮ್ಮ ಪೆನ್ನು ತೋರಿಸಿದರು.

"ಇದೇನು ಹೇಳಮ್ಮ?"

ತುಂಬ ಹೊತ್ತಾದ ಮೇಲೆ ಮುಖಕ್ಕೆ ಕಟ್ಟಿದ್ದರ ಒಳಗಿನಿಂದ, "ಪೆನ್ನು," ಎಂದಿತು ದನಿ.

"ಇವರು?"

"ಅಮ್ಮ."

"ಅವರು ಯಾರು?"

ಬಾಗಿಲಲ್ಲಿ ಮೂವರು ಗಂಡಸರೂ ಒತ್ತಿಕೊಂಡು ನಿಂತಿದ್ದರು. ಆ ಬಚ್ಚಲಿನ ಕಿಂಡಿ ಒಡೆಯಬೇಕೋ, ಗೀಸರನ್ನೇ ಹೊರಗೆ ಹಾಕಬೇಕೋ, ಹೊರಗೆ ಹಾಕಿದರೆ ಪೈಪು ಯಾವ ಗೋಡೆಯಲ್ಲಿ ಬರಬೇಕು, ಆ ಗೋಡೆಯಲ್ಲಿ ತಂತಿ ಇದೆಯೋ ಎಂದು ಪಿಸುದನಿಯಲ್ಲಿ ಒಬ್ಬರ ಮಾತಿನೊಳಗೆ ಒಬ್ಬರು ಮಾತಾಡುತ್ತಿದ್ದರು. ಮಗಳು ಅವರನ್ನು ಬಹಳ ಹೊತ್ತು ನೋಡಿದಳು. ಹುಬ್ಬು ಸೇರಿಸಿ, ಏನನ್ನೋ ಹುಡುಕುವ ಹಾಗೆ.

"ಅಮ್ಮಾ," ಎಂದಳು ಮಗಳು ಕೊನೆಗೆ. "ಇವರ್ಯಾಕೆ ಹೀಗೆ ಮಾತಾಡ್ತಿದಾರೆ? ಜಗಳಾನಾ?"

"ಜಗಳ ಅಲ್ಲ ಕಣೇ," ಎಂದಳು ತಾಯಿ. ಮಗಳ ಕೈಯನ್ನು ಅವಳು ಬಿಡಲಿಲ್ಲ. "ಕೆಲಸದ ಮಾತು."